ಓದುಗರ ಪ್ರಶ್ನೆಗೆ ಉತ್ತರ: ಕೂತದ್ದು ಇಲ್ಲಿ, ಮನಸ್ಸು ಇನ್ನೆಲ್ಲೋ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ಬಾಗಿಲಿನಿಂದ ತಟ್ಟಿದ್ದವು. ಈ ಹೊತ್ತಿನಲ್ಲಿ ಬದುಕುವುದು ಎಂದರೇನು, ಅದರಿಂದ ನಿಜವಾಗಿಯೂ ಸಂತೋಷ ಸಿಗುತ್ತದೆಯೇ ಎಂಬುದೇ ಆ ವಿಷಯ. ಅವುಗಳಲ್ಲಿ ನಾಲ್ಕನ್ನು ಆರಿಸಿ, ಹೆಸರು ಬಿಟ್ಟು, ತುಸು ಕಿರಿದುಗೊಳಿಸಿ ಇಲ್ಲಿ ಕೊಟ್ಟಿದ್ದೇನೆ. ಮೊದಲ ಪತ್ರದ ಪ್ರಶ್ನೆಯೇ ಉಳಿದ ಮೂರಕ್ಕೂ ಬುಡವಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಹಿಡಿದಿದೆ.

ಪ್ರಶ್ನೆ: ನನಗೆ 39 ವರ್ಷ. ಮನೆ ಉಡುಪಿಯಲ್ಲಿ, ಕಚೇರಿ ಮಂಗಳೂರಿನಲ್ಲಿ. 11 ವರ್ಷಗಳಿಂದ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಬೆಳಗ್ಗೆ ಬಸ್ಸಿನಲ್ಲಿ ಕೂತರೆ ಗ್ಯಾಸ್ ಆರಿಸಿದೆನೋ ಇಲ್ಲವೋ, ಅತ್ತೆಯ ಮಾತ್ರೆ ಮುಗಿಯಿತೋ ಏನೋ ಎಂಬ ಯೋಚನೆ. ಕಚೇರಿಯಲ್ಲಿ ಮಗನ ಯೋಚನೆ. ಸಂಜೆ ಮನೆಗೆ ಬಂದರೆ ಕಚೇರಿಯಲ್ಲಿ ಅರ್ಧಕ್ಕೆ ಬಿಟ್ಟ ಕಡತದ ಯೋಚನೆ. ಮೊನ್ನೆ ಎಂಟು ವರ್ಷದ ಮಗ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತಿದ್ದವನು ನಡುವೆ ನಿಲ್ಲಿಸಿ, "ಅಮ್ಮ, ನಾನು ಈಗ ಏನು ಹೇಳಿದೆ ಹೇಳು ನೋಡುವ" ಎಂದ. ನನಗೆ ಹೇಳಲಾಗಲಿಲ್ಲ. ಅವನು ಎದ್ದು ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಕ್ಷಣದಲ್ಲಿ ಬದುಕಬೇಕು ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನೀವಾದರೂ ಹೇಳುತ್ತೀರಾ?

ಉತ್ತರ: ನಿಮ್ಮ ಮಗ ಎದ್ದು ಹೋದನೆಂದು ನೀವು ಬರೆದ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಪತ್ರವನ್ನು ಮಡಚಿಟ್ಟೆ. ನಿಮಗೆ ನೋವಾದದ್ದು ಸಹಜ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಎಂಟು ವರ್ಷದ ಮಗು ತಾಯಿಯನ್ನು ಹಾಗೆ ಪರೀಕ್ಷೆ ಮಾಡುವುದು ಅವಳು ಕೇಳಬೇಕೆಂಬ ಆಸೆ ಅದಕ್ಕೆ ಇನ್ನೂ ಇರುವುದರಿಂದ. ಆ ಆಸೆ ಇರುವವರೆಗೆ ಏನೂ ಕೈಮೀರಿಲ್ಲ.

ನಿಮ್ಮ ಮನಸ್ಸು ಬೇರೆಯವರ ಮನಸ್ಸಿಗಿಂತ ಕೆಟ್ಟದ್ದೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 2,250 ವಯಸ್ಕರ ಮೊಬೈಲಿಗೆ ದಿನದ ಯಾವ ಯಾವುದೋ ಹೊತ್ತಿನಲ್ಲಿ ಪ್ರಶ್ನೆಗಳು ಬರುವಂತೆ ಅವರು ಏರ್ಪಾಡು ಮಾಡಿದ್ದರು: ಈಗ ನಿಮ್ಮ ಮನಸ್ಥಿತಿ ಹೇಗಿದೆ, ಏನು ಮಾಡುತ್ತಿದ್ದೀರಿ, ಮಾಡುತ್ತಿರುವ ಕೆಲಸವನ್ನು ಬಿಟ್ಟು ಬೇರೇನನ್ನಾದರೂ ಯೋಚಿಸುತ್ತಿದ್ದೀರಾ. ಬಂದ ಉತ್ತರಗಳಲ್ಲಿ ಶೇಕಡಾ 46.9ರಷ್ಟು ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಎಂದರೆ ಎಚ್ಚರವಿರುವ ಹೊತ್ತಿನ ಹತ್ತಿರ ಹತ್ತಿರ ಅರ್ಧವನ್ನು ನಾವು ಇದ್ದಲ್ಲಿ ಇಲ್ಲದೆಯೇ ಕಳೆಯುತ್ತೇವೆ.

ಆ ಅಧ್ಯಯನದ ಇನ್ನೊಂದು ಮಾತು ನಿಮಗೆ ಹೆಚ್ಚು ಉಪಯೋಗದ್ದು. ಜನರು ಏನು ಮಾಡುತ್ತಿದ್ದರು ಎಂಬುದಕ್ಕಿಂತ, ಮಾಡುವಾಗ ಅವರ ಮನಸ್ಸು ಎಲ್ಲಿತ್ತು ಎಂಬುದೇ ಅವರ ಸಂತೋಷವನ್ನು ಹೆಚ್ಚು ಚೆನ್ನಾಗಿ ತಿಳಿಸುತ್ತಿತ್ತು. ಅಹಿತವಾದ ಯೋಚನೆಗೆ ಜಾರಿದವರು ಕಡಿಮೆ ಸಂತೋಷದಲ್ಲಿದ್ದರು ಎಂದರೆ ಆಶ್ಚರ್ಯವೇನಿಲ್ಲ. ಆದರೆ ಹಿತವೂ ಅಹಿತವೂ ಅಲ್ಲದ ಯೋಚನೆಗೆ ಜಾರಿದವರೂ ಕಡಿಮೆ ಸಂತೋಷದಲ್ಲಿದ್ದರು, ಹಿತವಾದ ಕನಸು ಕಾಣುತ್ತಿದ್ದವರು ಸಹ ಕೈಕೆಲಸದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷದಲ್ಲಿರಲಿಲ್ಲ. ಬೇಸರದ ಕೆಲಸದಿಂದ ಮನಸ್ಸಿನಲ್ಲಾದರೂ ತಪ್ಪಿಸಿಕೊಂಡರೆ ಸುಖ ಎಂಬ ನಮ್ಮೆಲ್ಲರ ಲೆಕ್ಕಾಚಾರ ಇಲ್ಲಿ ತಪ್ಪಾಗುತ್ತದೆ. ಪಾತ್ರೆ ತೊಳೆಯುವಾಗ ಪಾತ್ರೆಯ ಮೇಲೆಯೇ ಮನಸ್ಸಿಟ್ಟವರಿಗೆ ಏನೂ ನಷ್ಟವಾಗುವುದಿಲ್ಲ.

ಹಾಗಾದರೆ ಮನಸ್ಸು ಏಕೆ ಓಡುತ್ತದೆ? ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿಕೊಳ್ಳಿ. ಗ್ಯಾಸ್, ಮಾತ್ರೆ, ಕಡತ, ನೀವು ಪಟ್ಟಿ ಮಾಡಿದ್ದೆಲ್ಲವೂ ಅರ್ಧವಾದ ಕೆಲಸಗಳು. ಬರ್ಲಿನ್‌ನಲ್ಲಿ ಕಲಿಯುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮಹಿಳೆ 1927ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮುಗಿಸಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸವೇ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ ಎಂದು ತೋರಿಸಿದರು. ಹೋಟೆಲಿನ ಮಾಣಿಗಳಿಗೆ ಹಣ ಸಂದಾಯವಾಗದ ಬಿಲ್ಲು ಅಚ್ಚೊತ್ತಿದಂತೆ ನೆನಪಿರುತ್ತದೆ, ಸಂದಾಯವಾದೊಡನೆ ಮರೆತುಹೋಗುತ್ತದೆ ಎಂಬುದನ್ನು ಅವರ ಗುರು ಕುರ್ಟ್ ಲೆವಿನ್ ಗಮನಿಸಿದ್ದೇ ಇದಕ್ಕೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. ಉಡುಪಿಯವರಾದ ನಮಗೆ ಇದನ್ನು ತಿಳಿಯಲು ಬರ್ಲಿನ್‌ವರೆಗೆ ಹೋಗಬೇಕಾಗಿಲ್ಲ. ಕಾಗದ ಪೆನ್ಸಿಲ್ ಇಲ್ಲದೆ ಐದು ಮೇಜುಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ಗಲ್ಲಾದಲ್ಲಿ ಕೂತವರಿಗೆ ಕೂಗಿ ಹೇಳುತ್ತಿದ್ದ ಹಳೆಯ ಮಾಣಿಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆ ಗಿರಾಕಿ ಬೀದಿ ದಾಟುವ ಮೊದಲೇ ಅವನು ತಿಂದದ್ದೇನೆಂಬುದು ಮಾಣಿಯ ತಲೆಯಿಂದ ಹೋಗಿರುತ್ತಿತ್ತು.

ನಿಮ್ಮ ತಲೆಯಲ್ಲಿ ಸಂದಾಯವಾಗದ ಬಿಲ್ಲುಗಳು ತುಂಬಿವೆ. ಎಲ್ಲವನ್ನೂ ಮುಗಿಸಿ ಆಮೇಲೆ ನೆಮ್ಮದಿಯಾಗಿರುತ್ತೇನೆ ಎಂದರೆ ಅಂಥ ದಿನ ಬರುವುದಿಲ್ಲ. ಆದರೆ ಮುಗಿಸದೆಯೂ ಅವನ್ನು ಕೆಳಗಿಡಲು ಸಾಧ್ಯವಿದೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಅರ್ಧವಾದ ಕೆಲಸವನ್ನು ಎಂದು, ಎಲ್ಲಿ, ಹೇಗೆ ಮುಂದುವರಿಸುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಸಾಕು, ಅದು ಬೇರೆ ಕೆಲಸದ ನಡುವೆ ಬಂದು ಕಾಡುವುದು ನಿಲ್ಲುತ್ತದೆ. ಆದ್ದರಿಂದ ಸಂಜೆ ಕಚೇರಿ ಬಿಡುವ ಮೊದಲು ಐದು ನಿಮಿಷ ಕೂತು, ಯಾವ ಕಡತ ಯಾವ ಹಾಳೆಯಲ್ಲಿ ನಿಂತಿದೆ, ನಾಳೆ ಬೆಳಗ್ಗೆ ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕೈಯಲ್ಲಿ ಬರೆದು ಮೇಜಿನ ಮೇಲೆಯೇ ಬಿಟ್ಟು ಬನ್ನಿ. ಮನೆಗೆ ತರಬೇಡಿ. ಬೆಳಗ್ಗೆ ಮನೆ ಬಿಡುವಾಗ ಗ್ಯಾಸ್ ಆರಿಸುವ ಕೈಯನ್ನು ಕಣ್ಣಿನಿಂದ ನೋಡಿ, "ಗ್ಯಾಸ್ ಆರಿಸಿದೆ" ಎಂದು ಬಾಯಿಬಿಟ್ಟು ಹೇಳಿ. ಇದು ಬಾಲಿಶ ಎನಿಸಬಹುದು. ಆದರೆ ನಿಮ್ಮ ಕೈ ಮಾಡಿದ ಕೆಲಸಕ್ಕೆ ನಿಮ್ಮ ಮನಸ್ಸು ಸಾಕ್ಷಿಯಾಗಿರಲಿಲ್ಲ, ಅದಕ್ಕೇ ಬಸ್ಸಿನಲ್ಲಿ ಅನುಮಾನ ಬರುವುದು.

ಇನ್ನು ಬಸ್ಸಿನ ವಿಷಯ. ಅರುವತ್ತು ಕಿಲೋಮೀಟರಿಗೆ ಹತ್ತಿರವಾದ ಆ ದಾರಿಯಲ್ಲಿ ನೀವು 11 ವರ್ಷಗಳಿಂದ ದಿನಕ್ಕೆ ಎರಡು ಬಾರಿ ನಾಲ್ಕು ದೊಡ್ಡ ಹೊಳೆಗಳನ್ನು ದಾಟುತ್ತಿದ್ದೀರಿ. ಬಲಾಯಿಪಾದೆ ಕಳೆದ ಮೇಲೆ ಉದ್ಯಾವರದ ಹೊಳೆ, ಹೆಜಮಾಡಿ ಮುಗಿದು ಮುಲ್ಕಿ ಶುರುವಾಗುವಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಫಲ್ಗುಣಿ. ನಿನ್ನೆ ಶಾಂಭವಿಯ ನೀರು ಯಾವ ಬಣ್ಣದಲ್ಲಿತ್ತು ಎಂದು ನಿಮ್ಮನ್ನು ಕೇಳಿದರೆ ಹೇಳಬಲ್ಲಿರಾ? ನಾನೂ ಅದೇ ದಾರಿಯಲ್ಲಿ ಕೆಲಸಕ್ಕೆ ಓಡಾಡಿದವನೇ, ಮೊದಲ ಹಲವು ವರ್ಷ ನನಗೂ ಹೇಳಲಾಗುತ್ತಿರಲಿಲ್ಲ.

ಇಡೀ ದಾರಿಯುದ್ದಕ್ಕೂ ಎಚ್ಚರವಾಗಿರಿ ಎಂದು ನಾನು ಹೇಳುವುದಿಲ್ಲ, ಅದು ಯಾರಿಂದಲೂ ಆಗದ ಮಾತು. ಈ ನಾಲ್ಕು ಸೇತುವೆಗಳಲ್ಲಿ ಮಾತ್ರ ಮೊಬೈಲನ್ನು ಚೀಲದೊಳಗೆ ಹಾಕಿ ಕಿಟಕಿಯ ಹೊರಗೆ ನೋಡಿ. ಬಸ್ಸು ಒಂದು ಸೇತುವೆಯನ್ನು ದಾಟಲು ಅರ್ಧ ನಿಮಿಷವೂ ಬೇಡ. ಸಮುದ್ರ ಹತ್ತಿರವೇ ಇರುವುದರಿಂದ ಈ ಹೊಳೆಗಳಲ್ಲಿ ಭರತ ಇಳಿತ ಕಾಣುತ್ತದೆ. ನೀರು ಏರಿ ತೆಂಗಿನ ಬುಡದವರೆಗೆ ಬಂದಿದೆಯೋ, ಇಳಿದು ಕೆಸರು ಕಾಣುತ್ತಿದೆಯೋ, ಸೊಂಟದವರೆಗಿನ ನೀರಿನಲ್ಲಿ ನಿಂತು ಯಾರಾದರೂ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಾರೋ, ಮಳೆಗಾಲದ ಕೆಂಪು ಬಣ್ಣ ಬಿಟ್ಟು ನೀರು ತಿಳಿಯಾಗತೊಡಗಿದೆಯೋ, ಇಷ್ಟನ್ನು ಮಾತ್ರ ನೋಡಿ. ಚೆಂದವಾಗಿದೆ ಎಂದುಕೊಳ್ಳಬೇಕಾಗಿಲ್ಲ. ಸಂತೋಷವಾಯಿತೇ ಎಂದು ತಡಕಿ ನೋಡಬೇಕಾಗಿಯೂ ಇಲ್ಲ, ಹಾಗೆ ತಡಕಿದೊಡನೆ ಮನಸ್ಸು ಮತ್ತೆ ಹೊಳೆಯನ್ನು ಬಿಟ್ಟು ತನ್ನ ಸುತ್ತಲೇ ಸುತ್ತತೊಡಗುತ್ತದೆ. ನೋಡಿದ್ದು ಏನೆಂದು ನಿಮಗೆ ಗೊತ್ತಿದ್ದರೆ ಸಾಕು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು, ದಿನಕ್ಕೆ ಎಂಟು ಬಾರಿ ಮನಸ್ಸು ಇದ್ದಲ್ಲಿಗೆ ಬಂದಂತಾಯಿತು. ನಿದ್ದೆಗೆಟ್ಟ ದಿನ ಒಂದೆರಡು ತಪ್ಪಿಹೋದರೆ ಮುಂದಿನ ಸೇತುವೆ ಇದ್ದೇ ಇದೆ.

ಈಗ ಮಗನ ಹತ್ತಿರ ಬರೋಣ. ಮನೆಗೆ ಬಂದು ಅಂಗಳದಲ್ಲಿ ಕಾಲು ತೊಳೆಯುವುದು ನಮ್ಮ ಕಡೆಯ ಪದ್ಧತಿ. ಆ ತಣ್ಣೀರು ಕಾಲಿಗೆ ಬೀಳುವುದನ್ನೇ ನಿಮ್ಮ ಕಚೇರಿಯ ಬಾಗಿಲು ಹಾಕುವ ಸದ್ದು ಎಂದುಕೊಳ್ಳಿ. ಒಳಗೆ ಹೋಗಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಅಡುಗೆಮನೆಗೆ ಹೋಗುವ ಮೊದಲು ಹದಿನೈದು ನಿಮಿಷ ಅವನ ಹತ್ತಿರ, ಅವನ ಮುಖ ಕಾಣುವ ಹಾಗೆ ಕೂತುಬಿಡಿ. ಹೋಮ್‌ವರ್ಕ್ ಆಯಿತೇ, ಅಂಕ ಎಷ್ಟು ಬಂತು ಎಂದು ಕೇಳಬೇಡಿ. ಅವನು ಹೇಳಿದ್ದನ್ನು ಕೇಳಿ, ಕೇಳಿದ್ದರಲ್ಲೇ ಒಂದು ಪ್ರಶ್ನೆ ಹಾಕಿ. ನಡುವೆ ಮನಸ್ಸು ಕಡತದ ಕಡೆಗೆ ಜಾರಿದರೆ ಮುಚ್ಚಿಡದೆ, "ಸ್ವಲ್ಪ ತಪ್ಪಿಹೋಯಿತು ಮಗಾ, ಇನ್ನೊಮ್ಮೆ ಹೇಳು" ಎಂದುಬಿಡಿ. ತಲೆಯಾಡಿಸುತ್ತಾ ಕೇಳಿದಂತೆ ನಟಿಸುವ ತಾಯಿಗಿಂತ, ತಪ್ಪಿತು ಎಂದು ಒಪ್ಪಿಕೊಂಡು ಮತ್ತೆ ಕಿವಿಗೊಡುವ ತಾಯಿಯನ್ನು ಮಕ್ಕಳು ಹೆಚ್ಚು ನಂಬುತ್ತಾರೆ ಎಂಬುದು ಇಷ್ಟು ವರ್ಷ ಮಕ್ಕಳ ಜೊತೆ ಮಾತಾಡಿದ ನನ್ನ ಅನುಭವ.

ಮೊದಲ ವಾರದಲ್ಲಿ ನಿಮಗೆ ಸಂತೋಷಕ್ಕಿಂತ ದಣಿವೇ ಹೆಚ್ಚು ಗೊತ್ತಾಗಬಹುದು. ಓಡುವ ಮನಸ್ಸಿಗೆ ತಾನು ದಣಿದದ್ದು ತಿಳಿಯುವುದಿಲ್ಲ, ನಿಂತಾಗಲೇ ತಿಳಿಯುತ್ತದೆ. ಅದರಿಂದ ಗಾಬರಿಯಾಗಬೇಡಿ. ಹನ್ನೊಂದು ವರ್ಷ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದ ದೇಹಕ್ಕೆ ದಣಿವಾಗದೆ ಇರುತ್ತದೆಯೇ? ಮಾತ್ರೆಯ ಲೆಕ್ಕ ನೋಡುವಂಥ ಒಂದೆರಡು ಜವಾಬ್ದಾರಿಗಳನ್ನು ಮನೆಯ ಗಂಡಸರಿಗೆ ವಹಿಸಲು ಸಾಧ್ಯವಿದ್ದರೆ ವಹಿಸಿ. ಎಲ್ಲ ಭಾರವನ್ನೂ ಹೆಣ್ಣಿನ ತಲೆಯ ಮೇಲಿಟ್ಟು, ಅವಳಿಗೆ ಮನಸ್ಸನ್ನು ಶಾಂತವಾಗಿಟ್ಟುಕೋ ಎಂದು ಬೋಧಿಸುವುದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ವಾಸ ಮಂಗಳೂರಿನಲ್ಲಿ. ನಾಳೆಯ ಚಿಂತೆ ಬಿಡಿ, ಇವತ್ತು ಬದುಕಿ ಎನ್ನುವ ಉಪದೇಶ ನನಗೆ ಹಿಡಿಸುವುದಿಲ್ಲ. ನಮ್ಮ ತಂದೆಯವರು ನಾಳೆಯ ಬಗ್ಗೆ ಯೋಚಿಸಿದ್ದರಿಂದ ನಾವು ನಾಲ್ಕು ಅಕ್ಷರ ಕಲಿತೆವು. ಈಗಿನ ಹುಡುಗರು ಬಂದ ಸಂಬಳವನ್ನೆಲ್ಲ ತಿಂದು ತಿರುಗಿ ಮುಗಿಸಿ, ಇದೇ ಈ ಕ್ಷಣದ ಬದುಕು ಎನ್ನುತ್ತಾರೆ. ನೀವು ಇದನ್ನು ಸಮರ್ಥಿಸುತ್ತೀರಾ?

ಉತ್ತರ: ಸಮರ್ಥಿಸುವುದಿಲ್ಲ. ಆದರೆ ನಿಮ್ಮ ತಂದೆಯವರು ಮಾಡಿದ್ದು ಚಿಂತೆ ಎಂದು ನನಗೆ ಅನಿಸುವುದೂ ಇಲ್ಲ. ಬ್ಯಾಂಕಿನವರಾದ ನಿಮಗೆ ಪಿಗ್ಮಿ ಠೇವಣಿಯ ಕತೆಯನ್ನು ನಾನು ಹೇಳಬೇಕಾಗಿಲ್ಲ, ಓದುಗರಿಗಾಗಿ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಈ ಯೋಜನೆಯನ್ನು ಶುರುಮಾಡಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ನೇಕಾರರೂ ಕೂಲಿಯವರೂ ಸಣ್ಣ ವ್ಯಾಪಾರಿಗಳೂ ಅದರಿಂದ ಮಕ್ಕಳನ್ನು ಓದಿಸಿದರು, ಮನೆಗೆ ಹಂಚು ಹೊದಿಸಿದರು.

ಆ ಎರಡಾಣೆ ಕೊಡುವ ಕೈಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮಗಳ ಮದುವೆ ಹತ್ತು ವರ್ಷದ ಆಚೆಗಿತ್ತು, ಆದರೆ ಆ ಹೊತ್ತಿಗೆ ಆಗಬೇಕಾದ ಕೆಲಸ ಎರಡಾಣೆಯನ್ನು ಎಣಿಸಿ ಕೊಡುವುದು ಮಾತ್ರ. ಕೊಟ್ಟ ಮೇಲೆ ಅಂಗಡಿಯವನು ತಕ್ಕಡಿಯ ಕಡೆಗೆ ತಿರುಗುತ್ತಿದ್ದ. ನಾಳೆಗಾಗಿ ಇವತ್ತು ಮಾಡಬಹುದಾದ ಕೆಲಸವಿದ್ದರೆ ಅದು ಯೋಜನೆ, ಅದನ್ನು ಮಾಡುವುದು ವರ್ತಮಾನದಲ್ಲಿ ಇರುವುದೇ ಆಗಿದೆ. ಇವತ್ತು ಮಾಡಲು ಏನೂ ಇಲ್ಲದಿದ್ದರೂ ಅದೇ ಯೋಚನೆಯನ್ನು ನೂರು ಸಲ ತಿರುಗಿಸುತ್ತಾ ಕೂತರೆ ಅದನ್ನು ಚಿಂತೆ ಎನ್ನುತ್ತೇನೆ. ನಿಮ್ಮ ತಂದೆಯವರಲ್ಲಿ ಇದ್ದದ್ದು ಮೊದಲನೆಯದು. ಸಂಬಳವನ್ನು ಖಾಲಿಮಾಡುವ ಹುಡುಗರಿಗೆ ಇವತ್ತಿನ ಎರಡಾಣೆಯ ಕೆಲಸವೂ ಇವತ್ತಿನದೇ ಎಂಬುದು ಇನ್ನೂ ಕಂಡಿಲ್ಲ. ಪ್ರೀತಿಯಿಂದ ಹೇಳಿದರೆ ಕಂಡುಕೊಂಡಾರು.

ನಿಮ್ಮ ಪತ್ರದ ಕೊನೆಯಲ್ಲಿ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮಕ್ಕಳ ಸಾಲದ ಲೆಕ್ಕ ಹಾಕುತ್ತಾ ಬೆಳಗು ಮಾಡುತ್ತೇನೆ ಎಂದು ಒಂದು ಸಾಲು ಬರೆದಿದ್ದೀರಿ. ಅದಕ್ಕೂ ಉತ್ತರ ಕೊಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಅವರ ಜೊತೆಗಾರರು 1983ರಲ್ಲಿ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ದಿನಕ್ಕೆ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡುವುದು, ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂರುವುದು, ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ಇದರಿಂದ ದಿನವಿಡೀ ಹರಡಿಕೊಂಡಿರುತ್ತಿದ್ದ ಚಿಂತೆ ಕಡಿಮೆಯಾಯಿತು. ನೀವು ಸಂಜೆ ಐದೂವರೆಯಿಂದ ಆರರವರೆಗೆ ಜಗಲಿಯಲ್ಲಿ ಒಂದು ಪುಸ್ತಕ ಹಿಡಿದು ಕೂತು, ಸಾಲ ಎಷ್ಟು, ಕಂತು ಎಷ್ಟು, ಮಗನ ಜೊತೆ ಏನು ಮಾತಾಡಬೇಕು ಎಂದು ಬರೆಯಿರಿ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ, ಕೌಂಟರ್ ಮುಚ್ಚಿದ ಮೇಲೆ ಬಂದ ಗ್ರಾಹಕನಿಗೆ ಹೇಳುತ್ತಿದ್ದಂತೆ ನಾಳೆ ಬನ್ನಿ ಎಂದು ಆ ಯೋಚನೆಗೆ ಹೇಳಿ. ಅದು ಖಂಡಿತ ನಾಳೆ ಬರುತ್ತದೆ, ನೀವೂ ಐದೂವರೆಗೆ ತಪ್ಪದೆ ಅಲ್ಲಿರಬೇಕು. ಆ ಮಾತು ಉಳಿಸಿಕೊಂಡರೆ ಮಾತ್ರ ಈ ಉಪಾಯ ನಡೆಯುತ್ತದೆ.

ಪ್ರಶ್ನೆ: ಕೊಡಿಯಾಲ್‌ಬೈಲಿನ ಹಾಸ್ಟೆಲಿನಲ್ಲಿದ್ದುಕೊಂಡು ಸಿಎ ಓದುತ್ತಿದ್ದೇನೆ. ಏಕಾಗ್ರತೆಗಾಗಿ ದಿನವೂ ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕೂರುತ್ತೇನೆ. ಕೂತರೆ ಯೋಚನೆಗಳು ಕಡಿಮೆಯಾಗುವ ಬದಲು ಹೆಚ್ಚಾಗುತ್ತವೆ. ನನ್ನಂಥವರಿಗೆ ಧ್ಯಾನ ಆಗಿಬರುವುದಿಲ್ಲವೇ?

ಉತ್ತರ: ಯೋಚನೆಗಳು ಹೆಚ್ಚಾಗಲಿಲ್ಲ, ಮೊದಲೂ ಅಷ್ಟೇ ಇದ್ದವು. ಈಗ ನಿಮಗೆ ಕಾಣುತ್ತಿವೆ, ಅಷ್ಟೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೇ ದೂರುತ್ತಾನೆ. ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ, ಹೌದು ಕಷ್ಟವೇ ಎಂದು ಒಪ್ಪಿ, ಅಭ್ಯಾಸ ಮತ್ತು ವೈರಾಗ್ಯದಿಂದ ಆಗುತ್ತದೆ ಎನ್ನುತ್ತಾನೆ. ಇಲ್ಲಿ ಅಭ್ಯಾಸವೆಂದರೆ ಹೋದ ಮನಸ್ಸನ್ನು ಮತ್ತೆ ಮತ್ತೆ ಕರೆತರುವುದು. ಹತ್ತು ನಿಮಿಷದಲ್ಲಿ ಮನಸ್ಸು ನಲವತ್ತು ಸಲ ಓಡಿ, ನೀವು ನಲವತ್ತು ಸಲ ಕರೆತಂದಿದ್ದರೆ ಆ ದಿನದ ಅಭ್ಯಾಸ ಚೆನ್ನಾಗಿಯೇ ಆಗಿದೆ. ಕರೆತರುವಾಗ ಬೈಯಬೇಡಿ. ಅಂಗಳಕ್ಕೆ ಓಡಿದ ಮಗುವನ್ನು ಎತ್ತಿಕೊಂಡು ಬರುವ ಹಾಗೆ ತನ್ನಿ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್‌ಝಿನ್ 1979ರಲ್ಲಿ ಆರಂಭಿಸಿದ, ಎಂಟು ವಾರಗಳ ತರಬೇತಿಯಲ್ಲಿ ಮೊದಲ ಪಾಠವಾಗಿ ಒಂದೇ ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ನೋಡಿ, ಮೂಸಿ, ಜಗಿದು ತಿನ್ನಲು ಕಲಿಸುತ್ತಾರೆ. ಉಸಿರಿನ ಮೇಲೆ ಮನಸ್ಸು ನಿಲ್ಲದಿದ್ದರೆ ನೀವೂ ಹಾಸ್ಟೆಲಿನ ಊಟದ ಮೊದಲ ಐದು ತುತ್ತುಗಳನ್ನು ಹಾಗೆ ತಿಂದು ನೋಡಿ. ಕುಚ್ಚಲಕ್ಕಿ ಅನ್ನ ಹಲ್ಲಿಗೆ ಸಿಗುವ ರೀತಿಯೇ ಬೇರೆ, ಅದಕ್ಕೆ ಗಮನ ತಾನಾಗಿ ಬರುತ್ತದೆ. ಎಂಟು ವಾರಕ್ಕೆ ಮೊದಲು ಫಲ ಬಂತೇ ಎಂದು ಲೆಕ್ಕ ಹಾಕಬೇಡಿ. ನಿದ್ದೆ ಕಡಿಮೆ ಮಾಡಿ ಧ್ಯಾನ ಮಾಡುವುದು ಮಾತ್ರ ಬೇಡ. ನಿಮ್ಮ ವಯಸ್ಸಿಗೂ ನಿಮ್ಮ ಪರೀಕ್ಷೆಗೂ ನಿದ್ದೆಯೇ ಮೊದಲ ಔಷಧ.

ಪ್ರಶ್ನೆ: ನಾನು ಕಟಪಾಡಿಯವಳು. ನನ್ನ ಗಂಡ ತೀರಿಕೊಂಡು ಐದು ತಿಂಗಳಾಯಿತು. ಹಳೆಯದನ್ನು ನೆನೆಯಬೇಡ, ಈ ಕ್ಷಣದಲ್ಲಿ ಇರು ಎಂದು ಬಂದವರೆಲ್ಲ ಹೇಳುತ್ತಾರೆ. ಈ ಕ್ಷಣದಲ್ಲಿ ಅವರಿಲ್ಲ. ನೆನಪಿನಲ್ಲಾದರೂ ಇದ್ದಾರೆ. ಅಂಗಳದಲ್ಲಿ ಅವರೇ ನೆಟ್ಟು ಬೆಳೆಸಿದ ಮಲ್ಲಿಗೆ ಗಿಡಗಳಿವೆ. ಹೂ ಕೊಯ್ಯಲು ಕೈ ಬರುವುದಿಲ್ಲ, ಅರಳಿ ಉದುರಿ ಹೋಗುತ್ತಿವೆ. ಗಿಡಗಳನ್ನು ಯಾರಿಗಾದರೂ ವಹಿಸಿಬಿಡು ಎಂದು ತಮ್ಮ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ತಾಯಿ, ಬಂದವರ ಆ ಮಾತನ್ನು ಪಕ್ಕಕ್ಕಿಡಿ. ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ, ಆದರೆ ಐದು ತಿಂಗಳಿಗೆ ಹೇಳುವ ಮಾತು ಅದಲ್ಲ. ನೆನಪಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಳು ಬಂದರೆ ಅತ್ತುಬಿಡಿ, ಅದೂ ಈ ಹೊತ್ತಿನದ್ದೇ. ದುಃಖವನ್ನು ಕುರಿತು ಆಳವಾಗಿ ಕೆಲಸ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬವರು 1999ರಲ್ಲಿ ಬರೆದಂತೆ, ಅಗಲಿಕೆಯಲ್ಲಿರುವ ಮನಸ್ಸು ಎರಡು ದಡಗಳ ನಡುವೆ ಹೋಗಿ ಬರುತ್ತಿರುತ್ತದೆ. ಒಂದು ಹೊತ್ತು ಕಳೆದುಕೊಂಡದ್ದರ ಕಡೆಗೆ, ಇನ್ನೊಂದು ಹೊತ್ತು ಮುಂದಿನ ಬದುಕಿನ ಸಣ್ಣ ಕೆಲಸಗಳ ಕಡೆಗೆ. ಹೀಗೆ ಹೋಗಿ ಬರುವುದೇ ಆರೋಗ್ಯದ ಲಕ್ಷಣ. ಆದ್ದರಿಂದ ಒಂದೇ ದಡದಲ್ಲಿ ನಿಲ್ಲಲು ನಿಮ್ಮನ್ನು ನೀವು ಒತ್ತಾಯಿಸಬೇಡಿ.

ಆದರೆ ಊಟ ಸೇರದೆ, ವಾರಗಟ್ಟಲೆ ನಿದ್ದೆ ಇಲ್ಲದೆ, ನಾನೂ ಇರಬಾರದಿತ್ತು ಎಂಬ ಯೋಚನೆ ಬರುತ್ತಿದ್ದರೆ ಈ ಅಂಕಣದ ಮಾತಿಗೆ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಅದು ಉಚಿತ, ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ನಿಮ್ಮ ತಮ್ಮನಿಗೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಹೇಳಿ.

ಮಲ್ಲಿಗೆಯ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಮನೆಯ ಒಂದು ವಿಷಯ ಹೇಳಬೇಕು. ನಮ್ಮದು ಮಲ್ಲಿಗೆ ಬೆಳೆಯುವ ಶಂಕರಪುರದ ಕಡೆ. ನಾನು ಪದವಿಯ ಎರಡನೆಯ ವರ್ಷದಲ್ಲಿದ್ದಾಗ ತಂದೆ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆದ ಮರುದಿನ ಬೆಳಕು ಹರಿಯುವ ಮೊದಲೇ ಅಮ್ಮ ಬುಟ್ಟಿ ಹಿಡಿದು ಗಿಡಗಳ ಬುಡಕ್ಕೆ ಹೋದರು. ಇಷ್ಟು ಬೇಗ ಹೇಗೆ ಮನಸ್ಸು ಬಂತು ಎಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಕೇಳಿಯೂ ಬಿಟ್ಟೆ. "ಇವತ್ತಿನ ಮೊಗ್ಗು ಇವತ್ತೇ ಕೊಯ್ಯಬೇಕಲ್ಲ ಮಗಾ" ಎಂದಷ್ಟೇ ಹೇಳಿದರು.

ಅಮ್ಮ ಜಗಲಿಯಲ್ಲಿ ಕೂತು, ನೀರಿನಲ್ಲಿ ನೆನೆಸಿಟ್ಟ ಬಾಳೆ ನಾರನ್ನು ಸೀಳಿ, ಮೊಗ್ಗುಗಳನ್ನು ಎದುರು ಬದುರು ಜೋಡಿಸಿ, ನಾರನ್ನು ಸುತ್ತಿ ಬಿಗಿಯುತ್ತಿದ್ದರು. ಬಿಗಿ ಹೆಚ್ಚಾದರೆ ತೊಟ್ಟು ಮುರಿಯುತ್ತದೆ, ಸಡಿಲವಾದರೆ ಜಾರುತ್ತದೆ. 800 ಮೊಗ್ಗಾದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದಿನ ದರ ಹೂವಿನ ವ್ಯಾಪಾರದ ಕಟ್ಟೆಯಲ್ಲಿ ನಿಗದಿಯಾಗುವವರೆಗೆ ಬೆಳೆಸಿದವರಿಗೂ ಗೊತ್ತಿರುವುದಿಲ್ಲ. ಅಮ್ಮನ ತುಟಿ ಎಣಿಕೆಗೆ ತಕ್ಕಂತೆ ಅಲುಗುತ್ತಿತ್ತು. ಮುನ್ನೂರರ ಹತ್ತಿರವೋ ನಾನೂರರ ಹತ್ತಿರವೋ ಅದು ನಿಲ್ಲುತ್ತಿತ್ತು, ಕಣ್ಣು ತುಂಬುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಮಾಲೆಯ ತುದಿಯಿಂದ ಮತ್ತೆ ಎಣಿಸಲು ತೊಡಗುತ್ತಿದ್ದರು. ತಾನು ಮುಡಿಯದ ಹೂವನ್ನು ಅವರು ಹಾಗೆ ಬಹಳ ವರ್ಷ ಕಟ್ಟಿದರು. ಅಮ್ಮ ಅಂದು ದುಃಖವನ್ನು ಮರೆಯಲು ಕೂತಿದ್ದರು ಎಂದು ನಾನು ತುಂಬಾ ಕಾಲ ತಿಳಿದಿದ್ದೆ. ದುಃಖ ಅಲ್ಲೇ ಇತ್ತು, ಮೊಗ್ಗಿನ ಲೆಕ್ಕವೂ ಅಲ್ಲೇ ಇತ್ತು, ಎರಡೂ ಒಂದೇ ಜಗಲಿಯಲ್ಲಿ ಇದ್ದವು ಎಂಬುದು ಈಗ ತಿಳಿಯುತ್ತದೆ.

ನೀವು ಕಟ್ಟಲೇಬೇಕು ಎಂದು ಇದನ್ನು ಹೇಳುತ್ತಿಲ್ಲ. ನಮ್ಮಮ್ಮನಿಗೆ ಆ ಹೂವಿನ ಹಣ ಬೇಕಿತ್ತು, ನಿಮ್ಮ ಸ್ಥಿತಿ ಬೇರೆ ಇರಬಹುದು. ಗಿಡಗಳನ್ನು ಈಗಲೇ ಯಾರಿಗೂ ವಹಿಸಬೇಡಿ, ಇಂಥ ದೊಡ್ಡ ತೀರ್ಮಾನಗಳಿಗೆ ಒಂದು ವರ್ಷವಾದರೂ ಕಳೆಯಲಿ. ಸದ್ಯಕ್ಕೆ ಬುಡಕ್ಕೆ ನೀರು ಹಾಕುವಷ್ಟು ಮಾಡಿ. ಕೊಯ್ಯಲು ಕೈ ಬಾರದ ದಿನ ಪಕ್ಕದ ಮನೆಯವರಿಗೆ ಕೊಯ್ದುಕೊಳ್ಳಲು ಹೇಳಿ. ಕೈ ಬಂದ ದಿನ ಒಂದು ಬೊಗಸೆಯಷ್ಟು ಕೊಯ್ದು ಅವರ ಫೋಟೋದ ಮುಂದೆ ಇಡಿ. ಆ ಹೂವನ್ನು ನೀವು ಮುಡಿಯಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ನೀವು ಮಾತ್ರ, ಅದರಲ್ಲಿ ಊರಿನವರ ಮಾತಿಗೆ ಜಾಗವಿಲ್ಲ. ಗಿಡಗಳ ಗೆಲ್ಲು ಸವರಿ ಹೊಸ ಚಿಗುರು ಬಂದ ಮೇಲೆ ಅವು ಹೇಗಿವೆ, ನೀವು ಹೇಗಿದ್ದೀರಿ ಎಂದು ನನಗೊಂದು ಸಾಲು ಬರೆಯಿರಿ.